ಸುಭಾನನ ಕನ್ನಡಿ ಡಬ್ಬಿ

ಗಡಿಯಂಚಿನ ನಮ್ಮ ಉಮದಿಯಲ್ಲಿ ಸುಭಾನನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಸುಭಾನ ಎಂದು ಜನ ಮರಳಿ ಕೇಳುತ್ತಿದ್ದರು. ಶೂಟಿಂಗ್ ಸುಭಾನ ಎಂದರೆ ಮಾತ್ರ ಕೈ ಮಾಡಿ ತೋರಿಸುತ್ತಿದ್ದರು. ಮದುವೆಯ ವಿಡಿಯೋಗೆ ನಮ್ಮ ಕಡೆ ಶೂಟಿಂಗ್ ಅನ್ನುವುದೇ ರೂಢಿ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ನಮಗೆ ಕೇಳುತ್ತಿತ್ತು, ನಾವು ಒಗ್ಗರಣೆ ಹಾಕಿದರೆ ಅವನ ಹೆಂಡತಿ ಸುಲತಾನಾ ಸೀನುತ್ತಿದ್ದಳು.

ಅವನ ಅಪ್ಪ ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ಹೊಲಿದುಕೊಡುವವನು. ಸುಭಾನ ಆ ಬಿಲ್ಲು ಹಿಡಿಯಲಿಲ್ಲ. ಮೊದಲು ರೇಡಿಯೋ ರಿಪೇರಿ ಮಾಡಿದ, ಆಮೇಲೆ ಟೇಪ್‌ರೆಕಾರ್ಡರ್ ಬಿಚ್ಚಿ ಜೋಡಿಸಿದ, ತೊಂಬತ್ತನಾಲ್ಕರ ಸುಮಾರಿಗೆ ಮಿರಜದಿಂದ ಯಾರೋ ಬಳಸಿ ಬಿಟ್ಟ ದೊಡ್ಡ ಕ್ಯಾಮೆರಾ ತಂದ. ಅದನ್ನು ಹೆಗಲ ಮೇಲೆ ಇಟ್ಟುಕೊಂಡು ನಡೆದರೆ ಕುರಿಮರಿ ಹೊತ್ತವನ ಹಾಗೆ ಕಾಣುತ್ತಿದ್ದ. ಆಗಿನಿಂದ ಸಂಖ, ಸನಮಡಿ, ಗಡಿಯಾಚೆಯ ಹಳ್ಳಿಗಳು, ಎಲ್ಲಿ ಮದುವೆಯ ಹಂದರ ಹಾಕಿದರೂ ಇವನೇ.

ಮದುವೆಯಲ್ಲಿ ಅವನದೊಂದು ಪದ್ಧತಿ ಇತ್ತು. ಮೊದಲು ಮದುಮಕ್ಕಳನ್ನು ತೆಗೆಯುತ್ತಿರಲಿಲ್ಲ. ಹಂದರದ ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತ ಮುದುಕ ಮುದುಕಿಯರ ಮುಂದೆ ಹೋಗಿ ನಿಲ್ಲುತ್ತಿದ್ದ. ಬೀಗರು ಸಿಟ್ಟಿಗೇಳುತ್ತಿದ್ದರು.

"ಏ ಸುಭಾನಾ, ಮದಮಕ್ಕಳು ಇಲ್ಲಿ ಅದಾರೋ, ಆ ಮುದುಕಿದೇನ ಮದವಿ ಐತೇನು?"

"ಮದಮಕ್ಕಳು ಎಲ್ಲಿ ಓಡಿ ಹೋಗತಾರ್ರಿ? ಮುದುಕರದು ಗ್ಯಾರಂಟಿ ಇಲ್ಲರಿ."

ಮುದುಕರೇ ಬಾಯಿ ತೆರೆದು ನಗುತ್ತಿದ್ದರು. ಒಂದೆರಡು ವರ್ಷ ಕಳೆದ ಮೇಲೆ ಅದೇ ಬೀಗರು ಅವನ ಮನೆಗೆ ಬಂದು, "ನಮ್ಮ ಆಯಿ ಮಾತಾಡಿದ್ದು ಒಂದೀಟು ತೋರಸೋ" ಎಂದು ಕೂರುತ್ತಿದ್ದರು. ಸುಲತಾನಾ ಚಹಾಕ್ಕೆ ನೀರಿಡುತ್ತ, "ಇದು ಮನಿ ಅಲ್ಲರಿ ಅಕ್ಕವ್ವ ಕಾಕೂ, ಉಮದಿ ಸ್ಟ್ಯಾಂಡ. ಒಬ್ಬರು ಇಳದರ ಇಬ್ಬರು ಹತ್ತತಾರ" ಎಂದು ಗೋಡೆಯಾಚೆಯಿಂದ ನನಗೆ ಕೂಗಿ ಹೇಳುತ್ತಿದ್ದಳು. ಕೂಗುತ್ತಲೇ ಚಹಾಕ್ಕೆ ಇನ್ನೊಂದು ಲೋಟ ನೀರು ಸೇರಿಸುತ್ತಿದ್ದಳು.

ಹೀಗೆ ಬರುವವರಲ್ಲಿ ಯಮನವ್ವನೂ ಒಬ್ಬಳು. ಅವಳದು ಕುರಿ ಕಾಯುವ ಮನೆತನ. ಬೇಸಿಗೆಗೆ ಗಂಡ ವಿಠೋಬನ ಜೊತೆ ಹಿಂಡು ಹೊಡೆದುಕೊಂಡು ನದಿಯ ಕಡೆ ಹೋಗುವುದು, ಮಳೆ ಹಿಡಿದ ಮೇಲೆ ತಿರುಗಿ ಬರುವುದು. ಅವಳಿಗೆ ಸೋಮನಾಥ ಎಂಬ ಒಬ್ಬನೇ ಮಗ. ಸನಮಡಿಯ ಒಂದು ಮದುವೆಯಲ್ಲಿ ಅವನು ಡೊಳ್ಳು ಬಾರಿಸಲು ಹೋಗಿದ್ದ, ಊರ ಹೊರಗೆ ಹಿಂಡು ಬಿಟ್ಟು ಯಮನವ್ವನೂ ನೋಡಲು ಹೋಗಿದ್ದಳು. ಆ ಮದುವೆಯ ಶೂಟಿಂಗ್ ಸುಭಾನನದು. ಅದಾಗಿ ಸ್ವಲ್ಪ ವರ್ಷಕ್ಕೆ ಸೋಮನಾಥ ಹಿಂಡಿನ ಜೊತೆ ದೂರ ಇದ್ದಾಗ ಜ್ವರ ಬಂದು ತೀರಿಹೋದ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. ಅವನು ಡೊಳ್ಳು ಬಾರಿಸಿದ್ದು ಸುಭಾನನ ಕ್ಯಾಸೆಟ್ಟಿನಲ್ಲಿ ಇದೆ ಎಂದು ಸಂತೆಯಲ್ಲಿ ಯಾರೋ ಹೇಳಿದರು. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಧೂಳು, ಹಾಗೇ ನೇರವಾಗಿ ಬಂದು ಟಿವಿ ಮುಂದೆ ನೆಲದ ಮೇಲೆ ಕೂತಳು. ಆ ಮೊದಲ ದಿನ ನಾನೂ ಅಲ್ಲೇ ಇದ್ದೆ.

ಟಿವಿಯಲ್ಲಿ ಡೊಳ್ಳಿನ ಸದ್ದು ನಿಂತಿತು. ಸೋಮನಾಥ ರುಮಾಲಿನಿಂದ ಬೆವರು ಒರೆಸಿಕೊಂಡ. ಅವನಿಗೆ ಕ್ಯಾಮೆರಾದ ಖಬರೇ ಇರಲಿಲ್ಲ. ಅದರ ಹಿಂದೆ ಎಲ್ಲೋ ನಿಂತಿದ್ದ ತಾಯಿಯನ್ನು ನೋಡಿ, ನೆಗಡಿಯಾದ ದನಿಯಲ್ಲಿ, "ಎವ್ವಾ, ಕುರಿಗೆ ನೀರ ಕುಡಸೀದಿ?" ಎಂದು ಕೇಳಿದ.

"ಕುಡಸೇನೋ ಎಪ್ಪಾ" ಅಂದಳು ಯಮನವ್ವ, ಟಿವಿಗೆ.

ಸುಲತಾನಾಳಿಗೆ ನಗು ಬಂತು, ಸೆರಗು ಬಾಯಿಗೆ ಹಿಡಿದಳು. ಮರುಕ್ಷಣ ಎದ್ದು ಒಳಗೆ ಹೋದಳು. ಅಲ್ಲಿಂದ ಮುಂದೆ ಹಿಂಡು ಉಮದಿಯ ದಾರಿ ಹಿಡಿದಾಗಲೆಲ್ಲ ಯಮನವ್ವ ಬರುತ್ತಿದ್ದಳು. ಅವನು ಕೇಳುತ್ತಿದ್ದ, ಇವಳು ಹೇಳುತ್ತಿದ್ದಳು. ಚಹಾ ಕುಡಿದು ಹೋಗುತ್ತಿದ್ದಳು.

ಆಗಿನ ಶೂಟಿಂಗಿನಲ್ಲಿ ಒಂದು ಕಟ್ಟಳೆ ಇತ್ತು. ಮದುವೆಯ ಮನೆಯವರಿಗೆ ಕೊಡುವ ಕ್ಯಾಸೆಟ್ಟಿಗೆ ಮೊದಲಿನಿಂದ ಕೊನೆಯ ತನಕ ಸಿನಿಮಾ ಹಾಡು ತುಂಬಬೇಕು. ಹಾಡಿಲ್ಲದಿದ್ದರೆ ಜನ ತೆಗೆದುಕೊಳ್ಳುತ್ತಿರಲಿಲ್ಲ. ಹಾಡು ಕೂತಿತೆಂದರೆ ಹಂದರದ ಮಾತು, ನಗು, ಜಗಳ ಎಲ್ಲ ಅಳಿಸಿಹೋಗುತ್ತಿತ್ತು. ಮಾತು ಉಳಿಯುತ್ತಿದ್ದದ್ದು ಸುಭಾನ ತನ್ನ ಹತ್ತಿರ ಇಟ್ಟುಕೊಂಡ ಮೂಲ ಕ್ಯಾಸೆಟ್ಟಿನಲ್ಲಿ ಮಾತ್ರ. ಹಾಗಾಗಿ ಸೋಮನಾಥನ ಮುಖ ಸನಮಡಿಯ ಆ ಮನೆಯಲ್ಲಿಯೂ ಇತ್ತು, ದನಿ ಮಾತ್ರ ಲೋಕಕ್ಕೆಲ್ಲ ಸುಭಾನನ ಕಪಾಟಿನಲ್ಲಿ ಒಂದೇ ಕಡೆ ಇತ್ತು. ಇದು ಅವನಿಗೂ ಗೊತ್ತು. ಯಮನವ್ವನ ಕ್ಯಾಸೆಟ್ಟು ಎಂದೇ ಅದನ್ನು ಬೇರೆ ಇಟ್ಟಿದ್ದ, ಬಟ್ಟೆ ಸುತ್ತಿ.

ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯತೊಡಗಿತು. ಬೇವಿನೆಲೆ ಇಟ್ಟ, ಡಾಂಬರಗುಳಿಗೆ ಇಟ್ಟ, ಬಿಸಿಲಿಗೂ ಇಟ್ಟು ನೋಡಿದ. ಚಿತ್ರದಲ್ಲಿ ಬಿಳಿಗೆರೆ ಬರುವುದು ನಿಲ್ಲಲಿಲ್ಲ. ಆಮೇಲೆ ಕಂಪ್ಯೂಟರ್ ತಂದ. ಊಟ ತಿಂಡಿ ಬಿಟ್ಟು ಒಂದೊಂದೇ ಮದುವೆಯನ್ನು ಅದರಲ್ಲಿ ಇಳಿಸಿದ. ಅದು ಲೋಡ್ ಶೆಡ್ಡಿಂಗ್ ಕಾಲ. ಕರೆಂಟು ಹೇಳದೆ ಕೇಳದೆ ಹೋಗುವುದು, ಹಾಗೇ ಒದ್ದುಕೊಂಡು ಬರುವುದು. ಒಂದು ಸಲ ಹಾಗೆ ಬಂದದ್ದೇ ಕಂಪ್ಯೂಟರಿನೊಳಗಿನ ಡಿಸ್ಕು ಟಿಕ್ ಟಿಕ್ ಎಂದು ನಿಂತುಬಿಟ್ಟಿತು. ಅದರಲ್ಲಿದ್ದ ಸುಮಾರು ಮದುವೆ ಹೋದವು. ಪುಣ್ಯಕ್ಕೆ ಅವುಗಳ ಕ್ಯಾಸೆಟ್ಟು ಇನ್ನೂ ಇದ್ದವು. ಸುಭಾನ ಹಣೆ ಹಿಡಿದುಕೊಂಡು ಕೂತ.

"ಎರಡನೇ ಸಲ ಇಳಸ್ತೀನ್ರಿ ಕಾಕೂ, ಅದಕ್ಕೇನು. ಆದರ ಮೂರನೇ ಸಲಕ್ಕ ಈ ಕ್ಯಾಸೆಟ್ ಇರೂದಿಲ್ಲ" ಅಂದ.

ಆಗ ಅವನ ತಲೆಯಲ್ಲಿ ಆ ಡಬ್ಬಿಯ ವಿಚಾರ ಹೊಕ್ಕಿತು. ಕಂಪ್ಯೂಟರಿನ ಹೊರಗೆ, ತನ್ನ ಪಾಡಿಗೆ ತಾನು ಕೂರುವ ಡಬ್ಬಿ. ಅದರಲ್ಲಿ ಎಲ್ಲ ತುಂಬಿಡಬಹುದಂತೆ. ವಾಯರು ಎಳೆದರೆ ಕಂಪ್ಯೂಟರಿನಲ್ಲೂ ನೋಡಬಹುದು, ಟಿವಿಯಲ್ಲೂ ನೋಡಬಹುದು. ಅದಕ್ಕೆ ನೆಟ್‌ವರ್ಕ್ ಡಬ್ಬಿ ಅನ್ನುತ್ತಾರೆ ಎಂದು ವಿಜಾಪುರದ ಇನ್ನೊಬ್ಬ ಶೂಟಿಂಗಿನವನು ಹೇಳಿದ್ದ.

ಸುಲತಾನಾ ಬಿದ್ದು ಬಿದ್ದು ನಕ್ಕಳು. "ಫೋನ್ ಮಾಡಾಕ ಮಾಳಿಗಿ ಹತ್ತಬೇಕು, ಅಲ್ಲೂ ಒಂದ ಕಾಲಮ್ಯಾಲ ನಿಂದರಬೇಕು. ಇಂಥಾ ಊರಾಗ ನೆಟ್‌ವರ್ಕ್ ಡಬ್ಬಿ ತರತಾರಂತ್ರಿ ಕಾಕೂ!"

"ಅದು ಬ್ಯಾರೆ ನೆಟ್‌ವರ್ಕ್. ಮನಿಯೊಳಗಿಂದ ಮನಿಯೊಳಗ" ಅಂದ ಸುಭಾನ.

"ಮನಿಯೊಳಗ ನಾ ಕೂಗಿದ್ದು ನಿಮಗ ಕೇಳಂಗಿಲ್ಲ, ಡಬ್ಬಿ ಕೂಗಿದ್ದು ಟಿವಿಗೆ ಕೇಳತೈತಿ. ಆಗಲಿ ತರ್ರಿ."

ನನ್ನ ಕಣ್ಣು ತೋರಿಸಲು ಮಿರಜಕ್ಕೆ ಹೋಗಬೇಕಾಗಿತ್ತು. ಸುಭಾನನೇ ಕರೆದುಕೊಂಡು ಹೋದ. ಡಾಕ್ಟರು ನೋಡಿ ಕಳಿಸಿದ ಮೇಲೆ ಸಾಂಗಲಿಯ ಒಂದು ಕಂಪ್ಯೂಟರ್ ಅಂಗಡಿಗೂ ಜೊತೆಗೆ ಹೋದೆ. ಕಣ್ಣಿಗೆ ಹಾಕಿದ ಔಷಧದಿಂದ ನನಗೆ ಎಲ್ಲವೂ ಮಂಜುಮಂಜು, ಕಿವಿ ಮಾತ್ರ ಚುರುಕಾಗಿತ್ತು. ಅಂಗಡಿಯವನು ಮರಾಠಿಯವನು. ಅವನಂದದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಅವನು ಮೂರು ಡಬ್ಬಿ ತಂದಿಟ್ಟ. ಒಂದು ಒಂದೇ ಡಿಸ್ಕಿನದು. ಒಂದು ಎರಡು ಡಿಸ್ಕಿನದು. ಇನ್ನೊಂದು ದೊಡ್ಡದು, ನಾಲ್ಕು ಡಿಸ್ಕು ಹಿಡಿಯುವಂಥದು, ಆಫೀಸಿನವರು ಒಯ್ಯುವುದು.

"ಒಂದ ಡಿಸ್ಕಿನದ ಸಾಕಲ್ಲ?" ಎಂದು ನಾನೇ ಕೇಳಿದೆ.

"ಒಂದ ಇದ್ದರ ಆಗಲೇ ಕಂಡೀವಲ್ಲರಿ ಕಾಕೂ. ಟಿಕ್ ಟಿಕ್ ಅಂದ್ರ ಮುಗೀತು" ಅಂದ ಸುಭಾನ. ಅಂಗಡಿಯವನನ್ನು ಕೇಳಿದ, "ಇದು ಸಪ್ಪಳ ಮಾಡತೈತೇನ್ರಿ? ನಮ್ಮ ಮನಿ ಸಣ್ಣದು."

"ಫ್ಯಾನಿನಷ್ಟೂ ಇಲ್ಲ."

"ಕರೆಂಟ್ ಹ್ವಾದರ?"

"ಇನ್ವರ್ಟರಿಗೆ ಹಚ್ಚಿಡ್ರಿ. ಕರೆಂಟ್ ಹೋದರೂ ತಾನಾಗಿ ಬಂದ್ ಆಗೂದು, ತಾನಾಗಿ ಚಾಲೂ ಆಗೂದು ಕಲಿಸಿಕೊಡತೀನಿ."

"ಧೂಳಿಗೆ?"

ಅಂಗಡಿಯವನು ನಕ್ಕ. "ಯಾವ ಊರು ನಿಮ್ಮದು? ಜತ್ತ ಕಡೇದು ಅಂದ್ರಿ? ಆ ಧೂಳಿಗೆ ಯಾವ ಕಂಪನಿಯೂ ಗ್ಯಾರಂಟಿ ಕೊಡಂಗಿಲ್ಲ. ಬಟ್ಟಿ ಹೊದಿಸಬ್ಯಾಡ್ರಿ, ಬಿಸಿಯಾಗತೈತಿ. ಎತ್ತರಕ್ಕ ಇಡ್ರಿ, ದಿನಾ ಒರಸ್ರಿ."

ಆಮೇಲೆ ಎರಡು ಡಿಸ್ಕಿನ ಡಬ್ಬಿಯ ಮೇಲೆ ಕೈ ಇಟ್ಟು, "ನಿಮ್ಮಂಥ ಕೆಲಸದವರಿಗೆ ಇದು. ಇದರಾಗ ಎರಡು ಡಿಸ್ಕ್ ಇರತಾವ. ಎರಡೂ ಮಿರರ್. ಒಂದು ಕೆಟ್ಟರೂ ಇನ್ನೊಂದರಾಗ ಎಲ್ಲಾ ಇದ್ದಂಗ ಇರತೈತಿ" ಅಂದ.

"ಮಿರರ್ ಅಂದರ ಆಯಿನಾ?"

"ಹೌದು ಭಾವು. ಆರಸಾ. ಕನ್ನಡಿ ಅಂತೀರಲ್ಲ, ಅದು."

ಸುಭಾನನ ಮುಖ ನನಗೆ ಕಾಣಲಿಲ್ಲ, ದನಿ ಮಾತ್ರ ಹಗುರಾದದ್ದು ತಿಳಿಯಿತು. ಅವನ ಮಂದಿಯ ಮದುವೆಯಲ್ಲಿ ನಿಕಾಹ್ ಆದ ಮೇಲೆ ಮದುಮಗ ಮದುಮಗಳನ್ನು ಕೂರಿಸಿ, ಮೇಲೆ ಕೆಂಪು ದುಪಟ್ಟಾ ಹಿಡಿದು, ನಡುವೆ ಕನ್ನಡಿ ಇಡುತ್ತಾರೆ. ಗಂಡ ಹೆಂಡತಿಯ ಮುಖ ಮೊದಲು ನೋಡುವುದು ಆ ಕನ್ನಡಿಯಲ್ಲಿ. ಅದಕ್ಕೆ ಜಲವಾ ಅನ್ನುತ್ತಾರೆ. ಸುಭಾನ ಹೆಂಡತಿಯ ಮುಖ ನೋಡಿದ್ದೂ ಹಾಗೆಯೇ. ಎಷ್ಟೋ ಮದುವೆಯಲ್ಲಿ ಕ್ಯಾಮೆರಾ ಹಿಡಿದು ಆ ಕನ್ನಡಿಯನ್ನೇ ತೆಗೆದಿದ್ದಾನೆ. ಕನ್ನಡಿ ಎಂದ ಕೂಡಲೆ ಅವನಿಗೆ ಎಲ್ಲ ತಿಳಿದಂತಾಯಿತು. ಹೊರಗೊಂದು ಮುಖ, ಒಳಗೊಂದು ಮುಖ. ಮತ್ತೇನೂ ಕೇಳಲಿಲ್ಲ. ಕಟ್ಟಿಸಿಕೊಂಡು ಎದೆಗೆ ಅವಚಿಕೊಂಡೇ ಬಸ್ಸು ಹತ್ತಿದ.

ಆ ಡಬ್ಬಿ ಬಂದ ಮೇಲೆ ಕೆಲವು ತಿಂಗಳು ಆ ಮನೆಯಲ್ಲಿ ಹಬ್ಬ. ಟಿವಿಯ ಹತ್ತಿರ, ಡಬ್ಬಿಯಲ್ಲಿದ್ದದ್ದನ್ನು ಟಿವಿಗೆ ತೋರಿಸುವ ಇನ್ನೊಂದು ಸಣ್ಣ ಪೆಟ್ಟಿಗೆ ಇಟ್ಟು ವಾಯರು ಎಳೆದ. ಕೈಯಲ್ಲಿ ರಿಮೋಟು ಹಿಡಿದು, "ಯಾರ ಮದವಿ ಬೇಕು ಹೇಳ್ರಿ" ಅನ್ನುತ್ತಿದ್ದ. ಕ್ಯಾಸೆಟ್ಟು ಹುಡುಕುವುದಿಲ್ಲ, ರೀಲು ಹಿಂದೆ ಸುತ್ತುವುದಿಲ್ಲ. ನನ್ನ ಗಂಡ ತೀರಿಕೊಳ್ಳುವ ಮೊದಲು ನಮ್ಮ ಭಾವನ ಮಗನ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಎರಡನೆಯ ಸಲ ಹೋಳಿಗೆ ಬೇಡ ಬೇಡ ಎಂದು ಹಾಕಿಸಿಕೊಂಡದ್ದನ್ನು ನಾನು ಅದರಲ್ಲೇ ನೋಡಿದೆ. ಯಮನವ್ವನೂ ಬಂದಳು. ಬಿಳಿಗೆರೆ ಇಲ್ಲದ ಮಗನನ್ನು ನೋಡಿ, "ಮಾರಿ ತೊಳದಂಗ ಆಗೈತಿ ನೋಡ" ಅಂದಳು. ಅವನು ನೀರು ಕುಡಿಸಿದೆಯಾ ಎಂದು ಕೇಳಿದ, ಕುಡಿಸೇನಿ ಅಂದಳು.

ಕ್ಯಾಸೆಟ್ಟುಗಳನ್ನೆಲ್ಲ ಡಬ್ಬಿಗೆ ಇಳಿಸಿದ್ದಾಯಿತು, ಅವುಗಳ ಕೆಲಸ ಮುಗಿಯಿತು. ಆ ಸುಮಾರಿಗೆ ನಮ್ಮೂರಿನ ರೈತ ಬಸಗೊಂಡನ ಹೊಲದಲ್ಲಿ ಜೋಳ ತೆನೆ ಬಿಟ್ಟಿತ್ತು. ನಮ್ಮ ಕಡೆ ಕ್ಯಾಸೆಟ್ಟಿನ ರೀಲು ಬಿಚ್ಚಿ ಹೊಲದ ಮೇಲೆ ಈ ಗೂಟದಿಂದ ಆ ಗೂಟಕ್ಕೆ ಎಳೆದು ಕಟ್ಟುತ್ತಾರೆ. ಗಾಳಿಗೆ ಅದು ಗುಂಯ್ ಅನ್ನುತ್ತದೆ, ಬಿಸಿಲಿಗೆ ಮಿಂಚುತ್ತದೆ, ಹಕ್ಕಿ ಹೆದರುತ್ತವೆ. ಬಸಗೊಂಡ ಬಂದು ಕೇಳಿದ, ಸುಭಾನ ಚೀಲ ತುಂಬಿ ಕೊಟ್ಟ. ಬೂಸ್ಟು ಹಿಡಿದದ್ದು ಮನೆಯಲ್ಲಿದ್ದರೆ ಸುಲತಾನಾಳ ಕೆಮ್ಮು ಹೆಚ್ಚುತ್ತದೆ ಎಂದು ಒಂದನ್ನೂ ಉಳಿಸಿಕೊಳ್ಳಲಿಲ್ಲ. ಯಮನವ್ವನದು ಕೊಡುವಾಗ ಬಟ್ಟೆ ಬಿಚ್ಚಿ ಒಂದು ಕ್ಷಣ ಕೈಯಲ್ಲಿ ಹಿಡಿದ. "ಕನ್ನಡ್ಯಾಗ ಐತಲ್ಲ" ಎಂದು ಅದನ್ನೂ ಚೀಲಕ್ಕೆ ಹಾಕಿದ.

ಮುಂದಿನ ಮದುವೆ ಸೀಸನ್ನಿಗೆ ಡಬ್ಬಿ ತುಂಬುತ್ತ ಬಂತು. ಹೊಸ ಕ್ಯಾಮೆರಾದ ಚಿತ್ರ ಜಾಗ ಭಾಳ ತಿನ್ನುತ್ತಿತ್ತು. ಸುಭಾನ ಲೆಕ್ಕ ಹಾಕಿದ: ಎರಡು ಡಿಸ್ಕು ಇವೆ, ಎರಡರಲ್ಲೂ ಅದೇ ಇದೆ. ಎರಡು ಕೋಣೆಯ ಮನೆಯಲ್ಲಿ ಒಂದೇ ಕೋಣೆ ಬಳಸಿದ ಹಾಗಾಯಿತು. ಕಂಪ್ಯೂಟರಿನಲ್ಲಿ ತನಗೆ ಕಾಣುತ್ತಿರುವುದು ಹೊರಗಿನ ಮುಖ, ಕನ್ನಡಿಯೊಳಗಿನದು ಒಳಗಿನ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಹಳೆಯ ಮದುವೆಗಳನ್ನು ಹೊರಗಿನಿಂದ ತೆಗೆದುಬಿಟ್ಟರೆ ಹೊಸದಕ್ಕೆ ಜಾಗ. ಯಾರಾದರೂ ಬಂದು ಕೇಳಿದರೆ ಒಳಗಿನ ಡಿಸ್ಕು ಬಿಚ್ಚಿ ಹಚ್ಚಿದರಾಯಿತು.

ಹಾಗೆಂದುಕೊಂಡು ಹಳೆಯ ಮೂಲ ಶೂಟಿಂಗುಗಳನ್ನೆಲ್ಲ ಅಳಿಸಿದ. ಆ ಜಾಗದಲ್ಲಿ ಸೀಸನ್ನಿನ ಹೊಸ ಮದುವೆಗಳನ್ನು ತುಂಬಿದ. ಅವನಿಗೆ ಆಗ ಯಾವ ಅಂಜಿಕೆಯೂ ಇರಲಿಲ್ಲ. ಗೋಡೆಯಾಚೆ ಗುನುಗುತ್ತ ಕೆಲಸ ಮಾಡುತ್ತಿದ್ದದ್ದು ನನಗೆ ಕೇಳುತ್ತಿತ್ತು.

ಮಳೆ ಬಿದ್ದ ಮೇಲೆ ಯಮನವ್ವ ಬಂದಳು.

"ಕುಂದ್ರಬೇ ಎವ್ವಾ, ಇವತ್ತ ಸ್ವಲ್ಪ ತಡಾ ಆಗತೈತಿ, ಒಳಗಿಂದು ತಗೀಬೇಕು" ಎಂದು ಸುಭಾನ ಡಬ್ಬಿ ಬಿಚ್ಚಿದ. ಎರಡನೆಯ ಡಿಸ್ಕು ತೆಗೆದು ಕಂಪ್ಯೂಟರಿಗೆ ಹಚ್ಚಿದ. ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಮರಳಿ ಡಬ್ಬಿಗೆ ಹಾಕಿದ, ಮೊದಲನೆಯದನ್ನು ತೆಗೆದು ಎರಡನೆಯದೊಂದನ್ನೇ ಬಿಟ್ಟು ನೋಡಿದ. ಹೊಸ ಮದುವೆ ಎಲ್ಲ ಬಂದವು. ಹಳೆಯದು ಒಂದೂ ಇಲ್ಲ. ನಾನು ಅಕ್ಕಿ ಆರಿಸುವುದು ಬಿಟ್ಟು ಬಾಗಿಲಲ್ಲಿ ನಿಂತಿದ್ದೆ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು.

"ಕರೆಂಟ್ ಇಲ್ಲೇನೋ ತಮ್ಮಾ?" ಎಂದಳು ಯಮನವ್ವ.

"ಐತಿ... ಡಬ್ಬಿ ಕೆಟ್ಟೈತಿ. ಸಾಂಗಲಿಗೆ ಒಯ್ದು ತೋರಸ್ತೀನಿ. ಮುಂದಿನ ವಾರ ಬಾ ಎವ್ವಾ."

"ಆಗಲೇಳು. ಕುರಿ ಇಲ್ಲೇ ಅದಾವ" ಎಂದು ಚಹಾ ಕುಡಿದು ಹೋದಳು.

ಮರುದಿನವೇ ಡಬ್ಬಿ ಕಟ್ಟಿಕೊಂಡು ಸಾಂಗಲಿಗೆ ಹೋಗಿ ಬಂದ. ಬಂದವನು ಚಪ್ಪಲಿ ಕೂಡ ಬಿಡದೆ ಕಟ್ಟೆಯ ಮೇಲೆ ಕೂತ. ಅಂಗಡಿಯವನು ಹೇಳಿದ್ದನ್ನು ಸುಲತಾನಾಳಿಗೆ ಹೇಳುತ್ತಿದ್ದ. ಡಬ್ಬಿ ಕೆಟ್ಟಿಲ್ಲವಂತೆ. ಮಿರರ್ ಅಂದರೆ ಇಲ್ಲಿ ಏನು ಮಾಡಿದರೂ ಅಲ್ಲಿಯೂ ಅದೇ ಆಗುವುದಂತೆ. ಇಲ್ಲಿ ಬರೆದರೆ ಅಲ್ಲಿ ಬರೆಯುತ್ತದೆ, ಇಲ್ಲಿ ಅಳಿಸಿದರೆ ಅದೇ ಗಳಿಗೆಗೆ ಅಲ್ಲಿಯೂ ಅಳಿಸುತ್ತದೆ. ಮೇಲೆ ಹೊಸದು ತುಂಬಿದ್ದರಿಂದ ಕೆಳಗಿನದು ತಿರುಗಿ ಬರುವುದಿಲ್ಲ.

"ಡಿಸ್ಕ್ ಕೆಟ್ಟರ ಉಳೀತೈತಿ ಅಂದಿದ್ದೆ, ನೀವು ಅಳಿಸಿದರ ಉಳೀತೈತಿ ಅಂತ ನಾ ಯಾವಾಗ ಅಂದೆ ಅಂದಾನ. ಖರೇನ ಅಂದಾನ."

ಸುಲತಾನಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು. ಆಮೇಲೆ ಅಂದಳು: "ಇಷ್ಟ ಜಲವಾ ತಗದೀರಿ. ಮದಮಗಳು ಎದ್ದು ಹ್ವಾದಮ್ಯಾಲೆ ಆ ಕನ್ನಡ್ಯಾಗ ಅಕಿ ಮಾರಿ ಯಾವಾಗರ ಉಳದದ್ದು ನೋಡೀರೇನ್ರಿ?"

ಅವಳಿಗೇ ಅಂದದ್ದು ಹೆಚ್ಚಾಯಿತು ಅನ್ನಿಸಿರಬೇಕು. ಹೋಗಿ ನೀರಿನ ತಂಬಿಗೆ ತಂದು ಅವನ ಕೈಗೆ ಕೊಟ್ಟು, ತಾನೇ ಬಾಗಿ ಅವನ ಚಪ್ಪಲಿ ಬಿಡಿಸಿದಳು.

ಮರುದಿನ ಇಳಿಹೊತ್ತಿಗೆ ಅವನು ಬಸಗೊಂಡನ ಹೊಲಕ್ಕೆ ಹೋದ. ಬರ್ರಿ ಕಾಕೂ ಎಂದ, ನಾನೂ ಹೋದೆ. ಹಿಂದಿನ ಬೆಳೆ ಕೊಯ್ದು ಎಷ್ಟೋ ತಿಂಗಳಾಗಿತ್ತು. ಆದರೂ ಗೂಟಗಳು ಹಾಗೇ ಇದ್ದವು. ಅಲ್ಲಲ್ಲಿ ರೀಲಿನ ತುಂಡುಗಳು ಜೋತುಬಿದ್ದಿದ್ದವು, ಜಾಲಿಯ ಗಿಡಕ್ಕೆ ಸುತ್ತಿಕೊಂಡಿದ್ದವು. ಬಿಸಿಲಿಗೆ ಬಿಳಿಚಿ ಬೂದಿಬಣ್ಣ ಆಗಿದ್ದವು. ಸುಭಾನ ಒಂದು ತುಂಡು ಬಿಡಿಸಿಕೊಂಡು ಬೆಳಕಿಗೆ ಹಿಡಿದ. ಅದರಲ್ಲಿ ಕಣ್ಣಿಗೆ ಕಾಣುವಂಥದು ಏನೂ ಇರುವುದಿಲ್ಲ, ಅವನಿಗೆ ಗೊತ್ತು. ಆದರೂ ಹಿಡಿದು ನೋಡಿದ.

"ಏನ ಹುಡಕತಿಯೋ?" ಎಂದು ಬಸಗೊಂಡ ಬಂದ.

"ಸನಮಡಿ ಮದವೀದು ಯಾವ ಗೂಟಕ್ಕ ಕಟ್ಟಿದಿ?"

"ಯಾರ ಮದವಿ ಅಂತ ನಾ ಏನ ಕೇಳಲಿ ಮಾರಾಯಾ? ಹಕ್ಕಿನೂ ಕೇಳಲಿಲ್ಲ. ಹೆದರಿ ಹಾರತಿದ್ವು ಅಷ್ಟ." ನಗುತ್ತ ಅಂದವನು ಸುಭಾನನ ಮುಖ ನೋಡಿ ನಗು ನಿಲ್ಲಿಸಿದ. ವಿಷಯ ಕೇಳಿ ತಾನೂ ಬಗ್ಗಿ ತುಂಡುಗಳನ್ನು ಆರಿಸತೊಡಗಿದ. ಮೂವರೂ ಆರಿಸಿದೆವು. ಒಂದೊಂದು ಮೊಳ, ಒಂದೊಂದು ಗೇಣು. ಹಿಡಿದರೆ ಪುಡಿಯಾಗುತ್ತಿದ್ದವು. ಕತ್ತಲಾಗುವ ಮೊದಲೇ ಸುಭಾನ, "ಸಾಕ್ರಿ, ಹೋಗೂಣು" ಎಂದ.

ಸನಮಡಿಯ ಮದುವೆ ಮನೆಯವರ ಹತ್ತಿರ ಅವರ ಕ್ಯಾಸೆಟ್ಟಿನಿಂದ ಅವನೇ ಹಿಂದೊಮ್ಮೆ ಮಾಡಿಕೊಟ್ಟಿದ್ದ ಸೀಡಿ ಇತ್ತು. ಬೇಡಿ ತಂದ. ಅದರಲ್ಲಿ ಸೋಮನಾಥ ಇದ್ದ. ಡೊಳ್ಳು ಬಾರಿಸುತ್ತಿದ್ದ, ಬೆವರು ಒರೆಸಿಕೊಳ್ಳುತ್ತಿದ್ದ. ಎಲ್ಲದರ ಮೇಲೆ ಸಿನಿಮಾದ ಹಾಡು ಕುಣಿಯುತ್ತಿತ್ತು.

"ಸುಳ್ಳು ಹೇಳಬ್ಯಾಡ್ರಿ ಆಕಿಗೆ" ಎಂದಳು ಸುಲತಾನಾ. "ಡಬ್ಬಿ ಕೆಟ್ಟೈತಿ ಅಂತ ಒಮ್ಮೆ ಹೇಳೀರಿ. ಸಾಕು."

ಯಮನವ್ವ ಬಂದಾಗ ಸುಭಾನ ಅವಳ ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದ. ಕನ್ನಡಿಯ ವಿಷಯ ಹೇಳಿದ, ಅಳಿಸಿದ್ದು ತಾನೇ ಎಂದು ಹೇಳಿದ. ಅವಳಿಗೆ ಎಷ್ಟು ತಿಳಿಯಿತೋ. "ಅಂವ ಅದಾನೋ ಇಲ್ಲೋ? ಅಷ್ಟ ಹೇಳು" ಅಂದಳು.

"ಅದಾನ. ಮಾತಿಲ್ಲ."

ಸೀಡಿ ಹಾಕಿದ. ಸೋಮನಾಥ ರುಮಾಲಿನಿಂದ ಮುಖ ಒರೆಸಿಕೊಂಡು ಈ ಕಡೆ ತಿರುಗಿದ. ಬಾಯಿ ಆಡಿತು. ಮೇಲೆ ಯಾವಳೋ ಪ್ರೀತಿಯ ಹಾಡು ಹಾಡುತ್ತಿದ್ದಳು. ಯಮನವ್ವ ಉತ್ತರ ಕೊಡಲಿಲ್ಲ. ಕೇಳಿಸದ ಮಾತಿಗೆ ಹೇಗೆ ಉತ್ತರ ಕೊಡಬೇಕು? ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದಳು.

"ಎವ್ವಾ, ಚಾ ಆಗೈತಿ" ಎಂದಳು ಸುಲತಾನಾ.

"ಒಲ್ಲೆ" ಎಂದು ಹೊಸ್ತಿಲು ದಾಟಿದಳು. ಬೈದಿದ್ದರೆ ಸುಭಾನನಿಗೆ ಒಳ್ಳೆಯದಿತ್ತು. ಅವಳು ಬೈಯಲಿಲ್ಲ.

ಆಮೇಲೆ ಹಿಂಡು ಉಮದಿಯ ಮೇಲಿಂದ ಹೋಯಿತು, ಬಂತು. ಅವಳು ಬರಲಿಲ್ಲ. ಹಿಂಡಿನ ಸಪ್ಪಳ ಕೇಳಿದರೆ ಸುಭಾನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ, ಕುರಿ ದಾಟಿದ ಮೇಲೆ ಒಳಗೆ ಹೋಗುತ್ತಿದ್ದ.

ಅವನು ಮತ್ತೆ ಸಾಂಗಲಿಗೆ ಹೋದ. ಈ ಸಲ ಅಂಗಡಿಯವನನ್ನು ಕೂರಿಸಿಕೊಂಡು, ತಿಳಿಯದ್ದನ್ನು ತಿಳಿಯುವ ತನಕ ಕೇಳಿದನಂತೆ. ಕನ್ನಡಿ ಬೇಡ, ಇನ್ನೊಂದು ಮನೆಯಲ್ಲಿ ಇನ್ನೊಬ್ಬ ಮನುಷ್ಯ ಇದ್ದ ಹಾಗೆ ಬೇಕು ಎಂದನಂತೆ. ತಾನು ಇಲ್ಲಿ ತಪ್ಪು ಮಾಡಿದರೆ ಅವನು ಅಲ್ಲಿ ಅದೇ ತಪ್ಪು ಮಾಡಬಾರದು. ಅದಕ್ಕೆ ಭಾರಿ ಡಬ್ಬಿ ಬೇಕಾಗಿರಲಿಲ್ಲ. ಒಂದೇ ಡಿಸ್ಕಿನ ಸಣ್ಣ ಡಬ್ಬಿ ಸಾಕಾಯಿತು. ಅದು ವಾರಕ್ಕೊಮ್ಮೆ ಹೊಸದೇನು ಬಂದಿದೆಯೋ ಅದನ್ನಷ್ಟೇ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಅಳಿಸಿದ್ದನ್ನು ಇದು ಅಳಿಸುವುದಿಲ್ಲ.

"ಎಲ್ಲಿ ಇಡತಿಯೋ ಇದನ್ನ?" ಎಂದು ನಾನು ಕೇಳಿದೆ.

"ನಿಮ್ಮ ಮನ್ಯಾಗ್ರಿ ಕಾಕೂ. ನನ್ನ ಕೈ ಸಿಗದಲ್ಲಿ."

ನಮ್ಮ ನಡುಮನೆಯ ಗೋಡೆಯ ಗೂಡಿನಂಥ ಮಾಡದಲ್ಲಿ ಎಣ್ಣೆದೀಪ ಇಡುವುದು ನಿಂತು ಎಷ್ಟೋ ಕಾಲವಾಗಿತ್ತು. ಅಲ್ಲಿ ಇಟ್ಟ. ಮಾಳಿಗೆಯ ಮೇಲಿಂದ ವಾಯರು ಎಳೆದ. ಅದಕ್ಕೊಂದು ಸಣ್ಣ ಹಸಿರು ದೀಪ. ನಾನು ದಿನಾ ಸೆರಗಿನಿಂದ ಒರೆಸುತ್ತಿದ್ದೆ. ಮೊದಮೊದಲು ಸುಲತಾನಾ ಗೋಡೆಯಾಚೆಯಿಂದ, "ಕಾಕೂ, ನಮ್ಮ ಸಂಸಾರ ಎಲ್ಲಾ ನಿಮ್ಮ ಮನ್ಯಾಗ ಬಂದು ಕುಂತೈತಿ, ಊಟಕ್ಕ ಹಾಕ್ರಿ" ಎಂದು ಚೇಷ್ಟೆ ಮಾಡುತ್ತಿದ್ದಳು.

ಸುಭಾನ ಇನ್ನೊಂದು ಕೆಲಸ ಮಾಡಿದ. ಮದುವೆಯವರಿಗೆ ಹಾಡು ಹಾಕಿದ್ದೊಂದು, ಹಾಡಿಲ್ಲದ್ದೊಂದು, ಎರಡು ಸೀಡಿ ಕೊಡತೊಡಗಿದ. ಜನ ಗೊಣಗುತ್ತಿದ್ದರು. "ಹಾಡಿಲ್ಲದ್ದು ಯಾಕೋ, ಏನ ಸತ್ತವರ ದಿವಸದ ಊಟದ ಶೂಟಿಂಗ್ ಇದು?" ಎಂದು ಕೆಲವರು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅವನು ಅದನ್ನು ಅವರ ಚೀಲದಲ್ಲಿ ತುರುಕಿ ಕಳಿಸುತ್ತಿದ್ದ. ಮಾತು ಒಂದೇ ಮನೆಯಲ್ಲಿ ಇರುವುದು ಅವನಿಗೆ ಬೇಡವಾಗಿತ್ತು.

ಮರುವರ್ಷ ಶ್ರಾವಣದ ಹೊತ್ತಿಗೆ ಒಂದು ಬೆಳಿಗ್ಗೆ ಬೀದಿಯಲ್ಲಿ ಗದ್ದಲ ಕೇಳಿತು. ನೋಡಿದರೆ ಯಮನವ್ವ. ಗಂಡ ವಿಠೋಬನ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಅವನು ಎಂದೂ ಈ ಮನೆಗೆ ಬಂದವನಲ್ಲ. ಮಗನನ್ನು ಟಿವಿಯಲ್ಲಿ ನೋಡುವುದು ತನ್ನಿಂದ ಆಗದು ಎಂದು ಹಿಂಡಿನ ಹತ್ತಿರವೇ ಉಳಿಯುತ್ತಿದ್ದವನು. ಬಡಕಲಾಗಿದ್ದ, ಏದುಸಿರು ಬಿಡುತ್ತಿದ್ದ, ತಲೆಗೆ ಮಾತ್ರ ಹೊಸ ರುಮಾಲು.

ಸುಭಾನ ಬಾಗಿಲಲ್ಲಿ ನಿಂತವನು ಬರ್ರಿ ಅನ್ನುವುದನ್ನೂ ಮರೆತ.

"ಬಾಯಿ ತಕ್ಕೊಂಡ ಏನ ನಿಂತಿ?" ಎಂದಳು ಯಮನವ್ವ. "ಇವನ್ನ ತುಂಬು ನಿನ್ನ ಡಬ್ಯಾಗ. ಆ ಹಾಳ ಕನ್ನಡ್ಯಾಗ ಅಲ್ಲ. ಬ್ಯಾರೆ ತಂದಿಯಂತಲ್ಲ, ಅದರಾಗ."

"ಎರಡರಾಗೂ ತುಂಬತೀನಿ ಎವ್ವಾ. ಒಂದು ನಮ್ಮಲ್ಲಿ, ಒಂದು ಅಕ್ಕವ್ವ ಕಾಕೂನ ಮನ್ಯಾಗ."

"ಹಾಡ ಹಾಕಿದಿ ಅಂದರ ನೋಡ ಮತ್ತ."

"ಹಾಕೂದಿಲ್ಲ."

ಸುಲತಾನಾ ಓಡಿ ಹೋಗಿ ಕಂಬಳಿ ತಂದು ನಮ್ಮ ಕಟ್ಟೆಯ ಮೇಲೆ ಹಾಸಿದಳು. ವಿಠೋಬನನ್ನು ಕೂರಿಸಿದರು. ಸುಭಾನ ಕ್ಯಾಮೆರಾ ತಂದು ನಿಲ್ಲಿಸಿದ.

"ಮಾತಾಡ್ರಿ ಕಾಕಾ."

ವಿಠೋಬ ಕ್ಯಾಮೆರಾ ನೋಡಿದ, ಸುಭಾನನನ್ನು ನೋಡಿದ, ಹೆಂಡತಿಯನ್ನು ನೋಡಿದ. "ಏನ ಮಾತಾಡ್ಲಿ?"

"ಏನರ ಮಾತಾಡ್ರಿ."

"ನನಗೇನ ಮಾತ ಬರತೈತಿ? ಕುರಿಗೂಡ ಇರಾಂವ."

"ದಿನಾ ಹೊತ್ತೇಳೂಮುಂದ ನನ್ನ ಬೈತಿಯಲ್ಲ" ಎಂದಳು ಯಮನವ್ವ, "ಅದನ್ನ ಬೈ."

"ನಾ ಬೈತೀನಿ? ನೀ ಏಳೂದ ಮಧ್ಯಾಹ್ನಕ್ಕ. ರೊಟ್ಟಿ ಬಡಿಯೂದರಾಗ ಹಿಂಡು ಹರದಾರಿ ಹೋಗಿರತೈತಿ. ಆ ಕುಂಟ ಕುರಿಗೆ ಔಷಧ ಹಚ್ಚು ಅಂತ ಎಷ್ಟ ದಿನಾ ಆತು ಹೇಳಾಕತ್ತು, ಹಚ್ಚಿಯೇನು? ಕಂಬಳಿ ಎಲ್ಲಿಟ್ಟಿ ಅಂದರ ಗೊತ್ತಿಲ್ಲ, ಸುಣ್ಣದ ಡಬ್ಬಿ ಎಲ್ಲಿಟ್ಟಿ ಅಂದರ ಗೊತ್ತಿಲ್ಲ..."

ವಿಠೋಬನಿಗೆ ಕ್ಯಾಮೆರಾ ಮರೆತುಹೋಯಿತು. ಮದುವೆಯಾದಾಗಿನಿಂದ ಕಟ್ಟಿಟ್ಟುಕೊಂಡಿದ್ದ ತಕರಾರನ್ನೆಲ್ಲ ಬಿಚ್ಚಿದ. ಏದುಸಿರು ಬಂದಾಗ ನಿಲ್ಲುತ್ತಿದ್ದ, ಉಸಿರು ಎಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದ. ನಾವೆಲ್ಲ ನಗು ತಡೆದುಕೊಂಡು ನಿಂತಿದ್ದೆವು. ಯಮನವ್ವ ಮಾತ್ರ ನಗಲಿಲ್ಲ. ಕ್ಯಾಮೆರಾದ ಹಿಂದೆ ಸುಭಾನನ ಪಕ್ಕದಲ್ಲಿ ನಿಂತು ಒಂದೊಂದು ಬೈಗುಳವನ್ನೂ ಕೇಳಿಸಿಕೊಂಡಳು.

ವಿಠೋಬ ಸುಸ್ತಾಗಿ ಮಾತು ನಿಲ್ಲಿಸಿದ ಮೇಲೆ ಸುಭಾನ ಅದನ್ನು ಡಬ್ಬಿಗೆ ಇಳಿಸಿದ, ವಾರ ತುಂಬುವ ತನಕ ಕಾಯದೆ ಆಗಲೇ ನಮ್ಮ ಮನೆಯ ಡಬ್ಬಿಗೂ ಹೋಗುವಂತೆ ಮಾಡಿದ. ಆಮೇಲೆ ನಮ್ಮ ಮನೆಗೆ ಬಂದು ಮಾಡದ ಮುಂದೆ ನಿಂತ. ಯಮನವ್ವನೂ ಬಂದು ಅವನ ಪಕ್ಕದಲ್ಲಿ ನಿಂತಳು. ಹಸಿರು ದೀಪ ಪಿಳಿಪಿಳಿ ಅಂದಿತು.

"ಬಂತೇನು?"

"ಬಂತು ಎವ್ವಾ."

"ತೋರಸು."

ನಮ್ಮ ಟಿವಿಗೇ ವಾಯರು ಹಚ್ಚಿ ತೋರಿಸಿದ. ಕುಂಟ ಕುರಿಯ ಮಾತು ಬಂದಾಗ ಯಮನವ್ವ, "ಹಚ್ಚೇನಿ ಔಷಧ, ಸುಳ್ಳ ಹೇಳತಾನ" ಎಂದು ನನ್ನ ಕಡೆ ತಿರುಗಿ ಹೇಳಿದಳು. ಪೂರ್ತಿ ನೋಡಿದಳು. ಆಮೇಲೆ ಸುಲತಾನಾಳನ್ನು ಕೂಗಿ, "ಏ ಸುಲತಾನಾ, ಚಾ ಇಡು. ಸಕ್ಕರಿ ಜರಾ ಜಾಸ್ತಿ ಹಾಕು" ಎಂದಳು.